ಹುಲ್ಲುಗಾವಲಿನಲ್ಲಿ ಹಡಗು

ಕೈಗೆ ಗೋಣಿತಾಟು ಸುತ್ತಿಕೊಳ್ಳಿ. ಎರಡು ಸುತ್ತು ಸಾಲದು, ಮೂರು ಹಾಕಿ. ಪೆಟ್ಟಿಗೆಯ ಬಾಯಿ ತೆರೆದ ಕೂಡಲೇ ಹಬೆ ಮುಖಕ್ಕೆ ರಾಚುತ್ತದೆ. ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು, ಒಳಗಿರುವ ಮರದ ತುದಿಯನ್ನು ತಡಕಿ ಹಿಡಿಯಬೇಕು. ಮೂಗಿಗೆ ಅಡರುವುದು ಹಸಿ ಓಕ್ ಮರದ ಹುಳಿ ಬೆರೆತ ಒಗರು ವಾಸನೆ. ಎದೆಗೆ ಒಲೆಯ ಝಳ, ಬೆನ್ನಿಗೆ ಬಂದರಿನ ಕಡೆಯಿಂದ ಬೀಸುವ ಕೊರೆಗಾಳಿ. ಎದುರಿಗೆ ನಿಂತ ಗಡ್ಡದ ಮನುಷ್ಯ ಮಾತಾಡುವುದಿಲ್ಲ; ಗದ್ದ ಅಲ್ಲಾಡಿಸುತ್ತಾನೆ, ಅಷ್ಟೇ.

ಎಳೆಯಿರಿ. ಈಗ ನಿಮ್ಮ ಬಳಿ ಇರುವುದು ಒಂದು ನಿಮಿಷ, ಅದೂ ಪೂರ್ತಿಯಿಲ್ಲ. ಕಡುಬಿನ ಹಾಗೆ ಹಬೆಯಲ್ಲಿ ಬೆಂದು ಮೆತ್ತಗಾದ ಈ ಎಳೆಯ ಓಕ್, ಗಾಳಿ ಸೋಕಿದ ಗಳಿಗೆಯಿಂದಲೇ ಮತ್ತೆ ಹಠ ಹಿಡಿಯತೊಡಗುತ್ತದೆ. ಓಡಿ. ದಿಮ್ಮಿಯ ಮೇಲೆ ಅಡ್ಡ ಇಡಿ. ಒತ್ತಿ. ಬರೀ ಕೈಗೆ ಬಗ್ಗುವುದಿಲ್ಲ, ಎದೆ ಕೊಡಿ, ಮೈಭಾರವೆಲ್ಲ ಹಾಕಿ. ಮರ ಬಾಗುತ್ತದೆ, ಇನ್ನಷ್ಟು ಬಾಗುತ್ತದೆ, ಕಿರ್ರ್ ಎನ್ನುತ್ತದೆ. ಸೀಳಿತೇ? ಇಬ್ಬರೂ ಅಲ್ಲಾಡದೆ ನಿಲ್ಲುತ್ತೀರಿ. ಗೋಣಿ ದಾಟಿ ಬಂದ ಬಿಸಿ ಅಂಗೈ ಸುಡುತ್ತಿದೆ, ಬಿಡುವಂತಿಲ್ಲ. ಆತ ಬಾಗಿದ ಮರದ ಹೊರಮೈ ಮೇಲೆ ಹೆಬ್ಬೆರಳು ಎಳೆದು ನೋಡುತ್ತಾನೆ. ನಾರು ಎದ್ದಿಲ್ಲ. ಹಗ್ಗ ಬಿಗಿಯುತ್ತಾನೆ.

ಹಡಗಿನ ಒಂದು ಪಕ್ಕೆಲುಬು ಮುಗಿಯಿತು.

ಕೂದಲೆಳೆಯಷ್ಟು ಸೀಳು ಕಂಡಿದ್ದರೆ? ಇರಲಿ ಬಿಡು ಎನ್ನಿಸುತ್ತಿತ್ತು. ಸಂಜೆಯಾಗಿದೆ, ಸೌದೆ ಮುಗಿಯುತ್ತ ಬಂದಿದೆ, ಸೊಂಟ ಹಿಡಿದುಕೊಂಡಿದೆ. ಆದರೆ ಇಲ್ಲಿ ಮಾಡಿದ ಸಾಲದ ವಸೂಲಿಗೆ ಸಮುದ್ರ ಬರುವುದು ಇಲ್ಲಿಗಲ್ಲ, ದಡ ಕಾಣದ ಜಾಗಕ್ಕೆ. ಆತನಿಗೆ ಅದು ಗೊತ್ತು. ಅದಕ್ಕೇ ಹೆಬ್ಬೆರಳು ಅಷ್ಟು ನಿಧಾನವಾಗಿ ಚಲಿಸಿದ್ದು.

ಆತನ ಹೆಸರು ಜೋಶುವಾ ಸ್ಲೋಕಮ್. ನೀವು ನಿಂತಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಫೇರ್‌ಹೇವನ್ ಎಂಬ ಊರಿನ ಅಂಚಿನ ಹುಲ್ಲುಗಾವಲಿನಲ್ಲಿ. ನೀರು ಇಲ್ಲಿಂದ ಸಾಕಷ್ಟು ದೂರ. 1892ರ ನಡುಚಳಿಗಾಲದಲ್ಲಿ, ಬೋಸ್ಟನ್ನಿನಲ್ಲಿ, ತಿಮಿಂಗಿಲ ಬೇಟೆಯ ಹಳೆಯ ಕ್ಯಾಪ್ಟನ್ ಒಬ್ಬ ಈತನಿಗೆ ಆಸೆ ಹುಟ್ಟಿಸಿದ್ದ: ಫೇರ್‌ಹೇವನ್‌ಗೆ ಬಾ, ಒಂದು ಹಡಗು ಕೊಡುತ್ತೇನೆ, ಸ್ವಲ್ಪ ರಿಪೇರಿ ಇದೆ ಅಷ್ಟೇ. ಬಂದು ನೋಡಿದರೆ ಹುಲ್ಲಿನ ಮಧ್ಯೆ ಊರುಗೋಲು ಕೊಟ್ಟು ನಿಲ್ಲಿಸಿದ, ಮೇಲೆ ಕ್ಯಾನ್ವಾಸ್ ಹೊದಿಸಿದ, ಏಳು ವರ್ಷದಿಂದ ಯಾರೂ ಮುಟ್ಟದ ಒಂದು ಮುದಿ ದೋಣಿ. ಹೆಸರು ‘ಸ್ಪ್ರೇ’. ಊರಿನವರಿಗೆ ಅದೊಂದು ತಮಾಷೆ.

ನಗುವವರು ನಗಲಿ. ಈ ಮನುಷ್ಯನಿಗೆ ಬೇರೆ ದಾರಿಯೇನಿತ್ತು? ವಯಸ್ಸು ಐವತ್ತರ ಹತ್ತಿರ. ಹಾಯಿಹಡಗುಗಳ ಕಾಲ ಮುಗಿದು ಉಗಿಹಡಗುಗಳು ಸಮುದ್ರ ಆಳುತ್ತಿವೆ. ಹಾಯಿಯ ಕ್ಯಾಪ್ಟನ್ನನಿಗೆ ಕೆಲಸವಿಲ್ಲ. ಹಡಗುಕಟ್ಟೆಯಲ್ಲಿ ಕೂಲಿ ಕೇಳಿದರೆ ಮೊದಲು ಸಂಘಕ್ಕೆ 50 ಡಾಲರ್ ಕಟ್ಟಬೇಕಂತೆ. ಕನಸಿನ ಬೆನ್ನು ಹತ್ತಿ ಹೋದವರ ಕತೆಗಳನ್ನು ನಾವು ಹೇಳುವಾಗ ಈ ಭಾಗವನ್ನು ಮೆಲ್ಲಗೆ ನುಂಗಿಬಿಡುತ್ತೇವೆ. ಬಹಳ ಸಲ ಕನಸಿಗೆ ಸಮಯ ಸಿಗುವುದೇ ಕೆಲಸ ಹೋದ ಮೇಲೆ.

ಹಾಗಂತ ಕನಸು ಸುಳ್ಳಲ್ಲ. ಈತ ಆಗ ನೋವಾ ಸ್ಕೋಶಿಯಾದ ಹುಡುಗ, ಹನ್ನೆರಡರ ಪ್ರಾಯ. ಬೂಟು ಹೊಲಿಯುವ ಅಪ್ಪನ ಕಣ್ಣುತಪ್ಪಿಸಿ ಪುಟ್ಟ ಹಡಗಿನ ಮಾದರಿಯೊಂದನ್ನು ಕೆತ್ತುತ್ತಿದ್ದ. ಅಪ್ಪ ಕಂಡ, ನೆಲಕ್ಕೆ ಬಡಿದು ಪುಡಿ ಮಾಡಿದ. ಹುಡುಗ ಮುಂದೆ ಮನೆ ಬಿಟ್ಟ. ದೊಡ್ಡವನಾಗಿ, ಸ್ವಂತ ಹಡಗು ಬ್ರೆಜಿಲ್‌ನಲ್ಲಿ ಒಡೆದುಹೋದಾಗ ಅಲ್ಲೇ ಒಂದು ದೋಣಿ ಕಟ್ಟಿ, 1888ರಲ್ಲಿ ಹೆಂಡತಿ ಮಕ್ಕಳನ್ನು ಅದರಲ್ಲೇ ಕೂರಿಸಿಕೊಂಡು ಅಮೆರಿಕಕ್ಕೆ ಮರಳಿದ.

ಆ ಕೈಗಳೇ ಈಗ ನಿಮ್ಮ ಎದುರು ಬಾಚಿ ಹಿಡಿದಿರುವುದು.

ಬೇಲಿಯಾಚೆಗೆ ಜನ ಸೇರಿದ್ದಾರೆ. ಒಡೆದುಹಾಕುತ್ತೀಯಾ ಎಂದು ಮೊದಲು ಕೇಳಿದ್ದರು. ಇಲ್ಲ, ಹೊಸದಾಗಿ ಕಟ್ಟುತ್ತೇನೆ ಎಂದಿದ್ದ. ಈಗ ಅವರದು ಒಂದೇ ಪ್ರಶ್ನೆ: ಇದರಿಂದ ಗಿಟ್ಟುತ್ತದೆಯೇ? ಆತ ಗಿಟ್ಟಿಸುತ್ತೇನೆ ಎಂದು ಹೇಳಿ ಮತ್ತೆ ಬಗ್ಗುತ್ತಾನೆ. ಕೆಲಸದ ಕ್ರಮ ನೋಡಿ: ಹಳೆಯ ಪಕ್ಕೆಲುಬು ಬಿಚ್ಚುವುದು, ಅದರ ಜಾಗಕ್ಕೆ ಹೊಸದು. ಒಟ್ಟಿಗೇ ಎಲ್ಲ ಕಳಚಿದರೆ ಆಕಾರವೇ ಕಳೆದುಹೋಗುತ್ತದೆ. ಕಬ್ಬಿಣದ ಮೊಳೆ ಕಿತ್ತಲ್ಲಿ ಓಕ್ ಮರ ಮಸಿಯಂತೆ ಕಪ್ಪಾಗಿದೆ, ನಿಮ್ಮ ಬೆರಳೂ ಕಪ್ಪು. ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತೆಂದು ಕೊನೆಗೆ ಅವನಿಗೂ ಹೇಳಲಾಗುವುದಿಲ್ಲ.

ಮುಂದುಗಡೆ, ನೀರು ಸೀಳುವ ಕಂಬಕ್ಕೆ ಯಾವ ಮರ? ಈ ಆಯ್ಕೆಗೆ ಆತ ಅವಸರ ಮಾಡುವುದಿಲ್ಲ. ಬಯಲಿನಲ್ಲಿ ಒಂಟಿಯಾಗಿ, ಗಾಳಿಗೆ ಮೈಯೊಡ್ಡಿ ಬೆಳೆದ ಓಕ್ ಮರದ ಬುಡವೇ ಬೇಕು. ಬಾಚಿ ಬಿದ್ದರೆ ಪುಟಿದು ಮೊಣಕೈವರೆಗೆ ಜುಮ್ಮೆನ್ನುತ್ತದೆ. ಶಪಿಸುತ್ತೀರಿ. ಶಪಿಸಿ, ತಪ್ಪಿಲ್ಲ. ಮುಂದೆ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪದಲ್ಲಿ ಇದೇ ಕಂಬ ಹವಳದ ಬಂಡೆಗೆ ಬಡಿದು ಬಂಡೆಯೇ ಎರಡು ಹೋಳಾಗುತ್ತದೆ, ಕಂಬಕ್ಕೆ ಗೀರೂ ಬೀಳುವುದಿಲ್ಲ. ತಿಮಿಂಗಿಲ ಬೇಟೆಯ ಮುದಿ ಕ್ಯಾಪ್ಟನ್ನರು ದೂರದಿಂದ ಬಂದು ಕಂಬವನ್ನು ತಟ್ಟಿ ತಟ್ಟಿ ನೋಡಿ, ಇದು ಮಂಜುಗಡ್ಡೆ ಒಡೆಯಲೂ ಸೈ ಎಂದು ಹೇಳಿಹೋಗುತ್ತಾರೆ.

ವಸಂತ ಬಂತು. ಹಡಗಿನ ಅಟ್ಟದ ಮೇಲೆ ನಿಂತು ಕೈ ಚಾಚಿದರೆ ಚೆರ್ರಿ ಹಣ್ಣು ಸಿಗುತ್ತದೆ; ಆ ಮರ ಇರುವುದು ಒಂದು ಸಮಾಧಿಯ ಮೇಲೆ. ಕಿತ್ತು ತಿನ್ನಿ, ಸಿಹಿಯಾಗಿದೆ. ಜಾರ್ಜಿಯಾದಿಂದ ಬಂದ ಪೈನ್ ಹಲಗೆ, ಒಂದೂವರೆ ಅಂಗುಲ ದಪ್ಪ, ರಾಳದಿಂದ ಅಂಗೈ ಅಂಟಂಟು. ಹಲಗೆ ಕೂರಿಸುವುದು ಬೇಜಾರಿನ ಕೆಲಸ. ಒಳಗಿನ ಅಂಚುಗಳ ನಡುವೆ ಬೆಳಕು ತೂರಬಾರದು. ಹೊರಗಿನ ಅಂಚಿನಲ್ಲಿ ಮಾತ್ರ ಸಣ್ಣ ಸಂದು ಉಳಿಯಬೇಕು. ಹೆರೆಯಿರಿ, ಇಡಿ, ಇಣುಕಿ, ತೆಗೆಯಿರಿ, ಮತ್ತೆ ಹೆರೆಯಿರಿ. ಎಲ್ಲ ಸೇರಿ ಸುಮಾರು ಸಾವಿರ ಬೋಲ್ಟು, ಪ್ರತಿಯೊಂದಕ್ಕೂ ನಟ್ಟು. ಆಮೇಲೆ ಆ ಸಂದಿಗೆ ಹತ್ತಿಯ ಎಳೆ, ಅದರ ಮೇಲೆ ಟಾರಿನ ನಾರು. ಉಳಿಯಿಟ್ಟು ಕೊಡತಿಯಿಂದ ಬಡಿಯಿರಿ. ಸದ್ದು ಮಂದವಾಗಿದ್ದಷ್ಟು ಹೊತ್ತೂ ಸಂದು ತುಂಬಿಲ್ಲ. ಗಟ್ಟಿಯಾಗಿ ಟಣ್ ಎಂದಾಗ ಮುಂದೆ ಸರಿಯಿರಿ.

ಆತನ ಹದಿಮೂರು ತಿಂಗಳ ದುಡಿಮೆ. ಸಾಮಾನಿಗೆ 553 ಡಾಲರ್ 62 ಸೆಂಟ್. ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ. ನೀರಿಗಿಳಿದಾಗ ಹಂಸದ ಹಾಗೆ ಕೂರುತ್ತದೆ. ಒಂದು ಹಂಗಾಮು ಮೀನು ಹಿಡಿಯಲು ನೋಡಿದ; ಗಾಳಕ್ಕೆ ಎರೆ ಸಿಕ್ಕಿಸುವ ಚಾತುರ್ಯವೂ ತನಗಿಲ್ಲವೆಂದು ತಿಳಿಯಿತು. ಬೇಲಿಯಾಚೆಯವರ ಪ್ರಶ್ನೆಗೆ ಉತ್ತರ ಸಿಕ್ಕಿತೆನ್ನಿ. ಭೂಮಿಯನ್ನು ಸುತ್ತಿಬರುವ ಮನಸ್ಸು ಮಾಡಿದ್ದು ಅದಾದ ಮೇಲೆ. 1895ರ ಏಪ್ರಿಲ್ 24ರಂದು ಬೋಸ್ಟನ್ ಬಿಟ್ಟ, ಒಬ್ಬನೇ. ಅಲ್ಲಿಯವರೆಗೆ ಭೂಮಿಯನ್ನು ಯಾರೂ ಒಬ್ಬರೇ ಹಾಯಿಯಲ್ಲಿ ಸುತ್ತಿರಲಿಲ್ಲ. ಅಂದ ಹಾಗೆ, ಆತನಿಗೆ ಈಜು ಬರುತ್ತಿರಲಿಲ್ಲ.

ಒಬ್ಬನೇ ಹೋದವನ ಜೊತೆ ನೀವು ಹೋಗುವಂತಿಲ್ಲ. ಆದರೂ ಒಂದು ಗಳಿಗೆಗೆ ಬನ್ನಿ. ನೀವು ಬಗ್ಗಿಸಿದ ಪಕ್ಕೆಲುಬು ಅಲ್ಲಿದೆ.

1896, ಪ್ಯಾಟಗೋನಿಯಾದ ಕರಾವಳಿಯಾಚೆ. ಅಲೆಗಳು ಎಂದಿನಂತೆ ಏಳುತ್ತಿವೆ. ದೂರದಲ್ಲಿ ಒಂದು ಮಾತ್ರ ಬೇರೆ ಥರ. ಹಾಯಿಕಂಬದ ತುದಿಯಷ್ಟೆತ್ತರ, ಅದರ ಗರ್ಜನೆ ಅದಕ್ಕಿಂತ ಮೊದಲೇ ಬರುತ್ತಿದೆ. ಹಾಯಿ ಇಳಿಸಬೇಕೇ, ಮೊದಲು ಮೇಲೆ ಹತ್ತಬೇಕೇ? ಹಾಯಿ ಇಳಿಸಿದ. ಈಗ ಹತ್ತು. ಕೈ ಮೇಲೆ ಕೈ, ಒದ್ದೆ ಹಗ್ಗ ಚರ್ಮ ಸುಲಿಯುತ್ತಿದೆ, ಇನ್ನೊಂದು ಮೊಳ, ಇನ್ನೊಂದು. ಬಂತು. ನೀರಿನ ಬೆಟ್ಟ ದೋಣಿಯ ಮೇಲೆ ಕುಸಿಯುತ್ತದೆ. ಕೆಳಗೆ ನೋಡಿ: ಅಟ್ಟವಿಲ್ಲ, ಮೂತಿಯಿಲ್ಲ, ಏನೂ ಇಲ್ಲ, ಬರೀ ಬಿಳಿ ನೊರೆ, ಅದರಿಂದ ಎದ್ದ ಕಂಬಕ್ಕೆ ಜೋತುಬಿದ್ದ ಒಬ್ಬ ಮನುಷ್ಯ. ಕಂಬ ನಡುಗುತ್ತದೆ. ಆ ನಡುಕ ಒಂದೊಂದು ತೊಲೆಯನ್ನೂ ಹಾದು ಬಂದದ್ದೆಂದು ಅವನ ಅಂಗೈಗೆ ಗೊತ್ತಾಗುತ್ತದೆ. ನಾರು ಎದ್ದಿದ್ದರೆ ಈಗ ಏಳಬೇಕು. ಒಂದು ಬೋಲ್ಟು ಸಡಿಲವಿದ್ದರೆ ಈಗ ಕೀಳಬೇಕು.

ಇಂಥ ಹೊತ್ತಿನಲ್ಲಿ ದೇವರು, ಸತ್ತ ಮೊದಲ ಹೆಂಡತಿ, ಬಿಟ್ಟುಬಂದ ಮಕ್ಕಳು ಕಣ್ಮುಂದೆ ಬರುತ್ತಾರೆಂದು ನೀವು ಎಣಿಸಿರುತ್ತೀರಿ. ಬಂದಿದ್ದರೂ ಬಂದಿರಬಹುದು. ಆದರೆ ಆತ ತಾನೇ ಬರೆದಿಟ್ಟಿರುವ ಸಂಕಲ್ಪ ಬೇರೆ. ‘ಸ್ಪ್ರೇ’ ಇದರಿಂದ ಪಾರಾದರೆ ಅದರ ಆಕಾರದಲ್ಲೇ ಇನ್ನೊಂದು ಹಡಗು ಕಟ್ಟುತ್ತೇನೆ, ಇದಕ್ಕಿಂತ ದೊಡ್ಡದು.