ಖಾಲಿ ಜಾಗದ ಬೆನ್ನು ಹತ್ತಿ

ನಾವು ವಿಜಯಪುರದವರು. 40 ಡಿಗ್ರಿ ದಾಟಿದ ಬಿಸಿಲಿನಲ್ಲೇ ಮದುವೆ, ಜಾತ್ರೆ, ಹೊಲದ ಕೆಲಸ ಎಲ್ಲ ಮಾಡುವ ಮಂದಿ. ಮೇ ತಿಂಗಳಲ್ಲಿ ಗೋವಾಕ್ಕೆ ಹೋಗೋಣವೆಂದಾಗ ಮನೆಯಲ್ಲಿ ಯಾರೂ ಬಿಸಿಲಿನ ಮಾತೆತ್ತಲಿಲ್ಲ. ಅಲ್ಲಿ ಹೆಚ್ಚೆಂದರೆ 33–34, ನಮಗದು ತಂಪೇ ಎಂದು ನಾನೇ ಹೇಳಿದ್ದೆ. ನನ್ನ ತಲೆಯಲ್ಲಿದ್ದ ಚಿಂತೆಯೆಂದರೆ ಜನ. ಶಾಲೆಗೆ ರಜೆ ಬಿತ್ತೆಂದರೆ ನಮ್ಮ ಸೀಮೆಯ ಗಾಡಿಗಳೆಲ್ಲ ಚೋರ್ಲಾ, ಅನಮೋಡ ಘಾಟು ಇಳಿದು ಅಲ್ಲೇ ಸೇರುತ್ತವೆ. ಗದ್ದಲದ ನಡುವೆ ನೋಡಿದ ಜಾಗ ನೋಡಿದಂತೆಯೇ ಅಲ್ಲ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೆ. ಆ ನಂಬಿಕೆಯಲ್ಲಿ ಸ್ವಲ್ಪ ಅಹಂಕಾರವೂ ಇತ್ತು. ಉಳಿದವರೆಲ್ಲ ಬರೀ ಪ್ರವಾಸಿಗರು, ನಾವು ಮಾತ್ರ ಇತಿಹಾಸ ಬಲ್ಲವರು ಎಂಬ ಭಾವ.

ಹಳೇ ಗೋವಾ ತಲುಪುವಾಗ ಹನ್ನೊಂದಾಗಿತ್ತು. ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಸಾಲು ಬಾಗಿಲವರೆಗೂ ಬಂದಿತ್ತು. 1605ರಲ್ಲಿ ಮುಗಿದ ಈ ಇಗರ್ಜಿಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹವಿದೆ. 1552ರಲ್ಲಿ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡವರನ್ನು ಇಲ್ಲಿಗೆ ತಂದದ್ದು, ಗೋವಾದ ಅಕ್ಕಸಾಲಿಗರು ಮಾಡಿದ ಬೆಳ್ಳಿಯ ಪೆಟ್ಟಿಗೆಯಲ್ಲಿ ಇಟ್ಟದ್ದು, ಎಲ್ಲವನ್ನೂ ದಾರಿಯುದ್ದಕ್ಕೂ ಅವ್ವನಿಗೆ ಹೇಳಿದ್ದೆ. ಅವ್ವನಿಗೆ ಯಾವ ಸಂತರಾದರೂ ಸಂತರೇ. ಗೋಳಗುಮ್ಮಟದ ಊರಿನಲ್ಲಿ ದರ್ಗಾಕ್ಕೂ ಸಿದ್ಧೇಶ್ವರನ ಗುಡಿಗೂ ಕೈಮುಗಿದು ಬಾಳಿದ ಜೀವ ಅದು. ಸಾಲು ಕಂಡು ಆಕೆ ಅಂಜಲಿಲ್ಲ. “ಇಲ್ಲಿ ನೆರಳದ, ಗ್ವಾಡಿ ತಣ್ಣಗದ. ನಿಂತ್ರಾತು ಬಿಡು” ಅಂದಳು.

ನಾನು ನಿಲ್ಲಲಿಲ್ಲ. ಸಂಜೆ ನೋಡೋಣ, ಈಗ ಯಾರೂ ಹೋಗದ ಜಾಗಕ್ಕೆ ಹೋಗೋಣ ಎಂದು ಎಲ್ಲರನ್ನೂ ಹೊರಗೆಳೆದೆ.

ಬೆಸಿಲಿಕಾದ ಪಶ್ಚಿಮಕ್ಕೊಂದು ದಿಬ್ಬ. ಅದರ ಮೇಲೆ ಸೇಂಟ್ ಅಗಸ್ಟೀನ್ ಇಗರ್ಜಿಯ ಅವಶೇಷ. ಒಂದು ಕಾಲಕ್ಕೆ ಬಹು ದೊಡ್ಡ ಇಗರ್ಜಿಯಾಗಿದ್ದ ಅದರ ಚಾವಣಿ 1842ರಲ್ಲಿ ಕುಸಿಯಿತು, ಎದುರಿನ ಗೋಡೆ 1931ರಲ್ಲಿ ಬಿತ್ತು. ಈಗ ಉಳಿದಿರುವುದು ಜಂಬಿಟ್ಟಿಗೆಯ ಒಂದು ಅರ್ಧ ಗೋಪುರ. ಮೂಲದಲ್ಲಿ ಅದರ ಎತ್ತರ 46 ಮೀಟರ್. ಜಾರ್ಜಿಯಾದ ರಾಣಿ ಕೆಟೆವಾನ್‌ಳ ಅಸ್ಥಿ ಸಿಕ್ಕಿದ್ದು ಇಲ್ಲಿನ ಉತ್ಖನನದಲ್ಲಿ. 2021ರಲ್ಲಿ ಭಾರತ ಅದರ ಒಂದು ಭಾಗವನ್ನು ಆ ದೇಶಕ್ಕೆ ಒಪ್ಪಿಸಿತು. ನೋಡಲೇಬೇಕಾದ ಜಾಗ ಹೌದು. ನಾನು ಬಯಸಿದಂತೆ ಅಲ್ಲಿ ಹೆಚ್ಚು ಜನರಿರಲಿಲ್ಲ. ನೆತ್ತಿಯ ಮೇಲಿನ ಸೂರ್ಯನಿಗೂ ನಮಗೂ ನಡುವೆ ಚಾವಣಿಯೂ ಇರಲಿಲ್ಲ.

ಮಕ್ಕಳಿಗೆ ಗೋರಿಕಲ್ಲುಗಳ ಬರಹ ತೋರಿಸುತ್ತಿದ್ದೆ. ಹೆಂಡತಿ ಕೂಗಿದಳು. ತಿರುಗಿ ನೋಡಿದರೆ ಅವ್ವ ಮೋಟುಗೋಡೆಗೆ ಕೈಕೊಟ್ಟು ನಿಂತಿದ್ದಾಳೆ, ಮುಖ ಬಿಳಿಚಿದೆ, ಹಣೆ ಮುಟ್ಟಿದರೆ ತಣ್ಣನೆಯ ಬೆವರು. “ಕಣ್ಣಿಗಿ ಕತ್ತಲಿ ಬರಾಕತ್ತೈತೋ ತಮ್ಮಾ” ಅಂದವಳು ಹಾಗೇ ಕುಸಿದು ಕೂತಳು. ನಮ್ಮ ಕೈಯಲ್ಲಿದ್ದ ಬಾಟಲಿ ಖಾಲಿಯಾಗಿತ್ತು. ನೀರಿಗೆ ಯಾವ ಕಡೆ ಓಡಬೇಕೆಂದೇ ನನಗೆ ತೋಚಲಿಲ್ಲ.

ಹೆಂಡತಿ ಕೆಳಗಿನ ರಸ್ತೆಗೆ ಓಡಿ, ಎಳನೀರು ಮಾರುವ ಹೆಂಗಸೊಬ್ಬಳನ್ನು ಕರೆತಂದಳು. ಆಕೆ ಬಾಗಲಕೋಟೆ ಕಡೆಯವಳು. ಗೋವಾದಲ್ಲಿ ದುಡಿಯುವ ನಮ್ಮ ಉತ್ತರ ಕರ್ನಾಟಕದ ಸಾವಿರಾರು ಜನರಲ್ಲಿ ಒಬ್ಬಳು. ಬಂದವಳೇ ಅವ್ವನನ್ನು ಗೋಡೆಯ ಮಗ್ಗುಲ ಗೇಣು ನೆರಳಿನಲ್ಲಿ ಮಲಗಿಸಿ, ಕಾಲಿನ ಕೆಳಗೆ ನಮ್ಮ ಚೀಲವಿಟ್ಟು ಎತ್ತರಿಸಿದಳು. ಸೆರಗು ನೆನೆಸಿ ಕೊರಳಿಗೆ, ಕಂಕುಳಿಗೆ ಒತ್ತಿದಳು. ಮಕ್ಕಳಿಗೆ ಗಾಳಿ ಬೀಸಲು ಹೇಳಿ, ಎಳನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. “ಅಣ್ಣಾರ, ಈ ಹೊತ್ತಿನ್ಯಾಗ ಇಲ್ಲಿ ಯಾರೂ ಹತ್ತೂದಿಲ್ರಿ. ವಯಸ್ಸಾದಾರನ್ನ ಕರಕೊಂಡು ಯಾಕ ಬಂದ್ರಿ?” ಎಂದು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಆ ಮಧ್ಯಾಹ್ನ, ಪಣಜಿಯಲ್ಲಿ ವೈದ್ಯರೊಬ್ಬರು ಕೇಳಿದ ಪ್ರಶ್ನೆಗಳಲ್ಲಿ. ನಮ್ಮೂರಿನ ಒಣ ಬಿಸಿಲಿನಲ್ಲಿ ಬೆವರು ಬಂದ ಕೂಡಲೇ ಆರುತ್ತದೆ, ಆರುತ್ತಲೇ ಮೈ ತಣಿಸುತ್ತದೆ. ಸಮುದ್ರದ ಬದಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ನೀರು, ಉಪ್ಪು ಎರಡೂ ಹೋಗುತ್ತವೆ, ಒಳಗಿನ ಕಾವು ಮಾತ್ರ ಇಳಿಯುವುದಿಲ್ಲ. ಹೀಗಾಗಿ ಅಲ್ಲಿನ 34 ಡಿಗ್ರಿ ನಮ್ಮ 40ಕ್ಕಿಂತ ಸೌಮ್ಯವೆಂದು ಅಂಕಿ ನೋಡಿ ಹೇಳಲಾಗದು. ಅವ್ವನ ರಕ್ತದೊತ್ತಡದ ಗುಳಿಗೆಯೂ ಮೂತ್ರ ಹೆಚ್ಚಿಸಿ ನೀರನ್ನು ಹೊರಹಾಕುವ ಬಗೆಯದು. ದಿನವೂ ನಾನೇ ತಂದುಕೊಡುವ ಗುಳಿಗೆ, ಅದರ ಗುಣ ನನಗೆ ಗೊತ್ತಿರಲಿಲ್ಲ.

ಇದೆಲ್ಲಕ್ಕಿಂತ ನನ್ನನ್ನು ಚುಚ್ಚಿದ್ದು ಇನ್ನೊಂದು. ಬೆಳಗಿನಿಂದ ಎಷ್ಟು ನೀರು ಕುಡಿದಿರಿ ಎಂದು ವೈದ್ಯರು ಕೇಳಿದಾಗ ಅವ್ವ ತಲೆ ತಗ್ಗಿಸಿದಳು. ಚಹಾ ಬಿಟ್ಟರೆ ಹೆಚ್ಚುಕಡಿಮೆ ಏನೂ ಇಲ್ಲ. ಯಾಕೆಂದು ಆಮೇಲೆ ಹೆಂಡತಿಗೆ ಹೇಳಿದಳಂತೆ: “ಇವ ಎಲ್ಲೆಲ್ಲಿ ಒಯ್ತಾನೋ, ಅಲ್ಲಿ ಹೋಗೂದಕ್ಕ ಜಾಗ ಇರ್ತದೋ ಇಲ್ಲೋ.” ನಮ್ಮ ತಾಯಂದಿರು, ಅಕ್ಕತಂಗಿಯರು ಬಸ್ಸಿನಲ್ಲಿ, ಮದುವೆಗಳಲ್ಲಿ, ದೇವರ ಯಾತ್ರೆಗಳಲ್ಲಿ ಬಾಯಾರಿಕೆ ಕಟ್ಟಿಕೊಂಡೇ ತಿರುಗುತ್ತಾರೆ. ಗಂಡಸರಾದ ನಾವು ಮರದ ಮರೆಗೆ ಹೋಗಿಬಂದು, ಮುಂದಿನ ಜಾಗಕ್ಕೆ ಅವಸರಪಡಿಸುತ್ತೇವೆ. ನಾನು ಕಾಲಿಗೆ ಸಿಗುವ ತೊಡಕೆಂದು ಕಂಡಿದ್ದ ಜನ ಇರುವಲ್ಲಿಯೇ ಶೌಚಾಲಯ, ಕುಡಿಯುವ ನೀರು, ಕೂರಲು ಬೆಂಚು, ಬಿದ್ದರೆ ಹಿಡಿಯುವ ಕೈ ಎಲ್ಲವೂ ಇರುತ್ತವೆ. ಖಾಲಿ ಜಾಗಗಳ ಪಟ್ಟಿ ಮಾಡುವಾಗ ಇದರಲ್ಲಿ ಒಂದನ್ನೂ ನಾನು ಲೆಕ್ಕಕ್ಕೆ ತಂದಿರಲಿಲ್ಲ. ಈಗ ಎಲ್ಲಿಗೆ ಹೊರಟರೂ ಮೊದಲು ವಿಚಾರಿಸುವುದು ಅದನ್ನೇ, ಮತ್ತು ಅವ್ವನ ಕಿವಿಗೆ ಬೀಳುವಂತೆ ವಿಚಾರಿಸುತ್ತೇನೆ.

ಆಸ್ಪತ್ರೆಯಿಂದ ಹೊರಬಂದಾಗ ಮಧ್ಯಾಹ್ನದ ಎರಡು ಗಂಟೆ. ಪಣಜಿಯಲ್ಲಿ ಎಷ್ಟೋ ಅಂಗಡಿಗಳ ಬಾಗಿಲು ಮುಚ್ಚಿತ್ತು. ಗೋವಾದವರು ಊಟ ಮುಗಿಸಿ ಮಲಗುವ ಹೊತ್ತು ಅದು, ಮತ್ತೆ ತೆರೆಯುವುದು ಬಿಸಿಲು ಇಳಿದ ಮೇಲೆ. ಇದನ್ನು ಆಲಸ್ಯವೆಂದು ನಾನೂ ಆಡಿಕೊಂಡವನೇ. ಆ ನೆಲದ ಹವೆಯಲ್ಲಿ ತಲೆತಲಾಂತರ ಬಾಳಿದವರ ತಿಳಿವಳಿಕೆ ಅದೆಂದು ಅಂದು ಅರ್ಥವಾಯಿತು.

ಒಂದು ದಿನ ಕೋಣೆಯಲ್ಲೇ ಕಳೆದೆವು. ಬಳಿಕ ಅವರ ಗಡಿಯಾರವನ್ನೇ ಹಿಡಿದೆವು. ಬೆಳಗಿನ ತಂಪಿನಲ್ಲಿ ಒಂದು ಜಾಗ, ಹತ್ತರ ಮೇಲೆ ಕೋಣೆ, ನಾಲ್ಕರ ಮೇಲೆ ಮತ್ತೊಂದು. ಆದಿಲ್ ಶಾಹಿ ಅರಮನೆಯದೆನ್ನುವ ಕಲ್ಲಿನ ಬಾಗಿಲು ಸೇಂಟ್ ಕ್ಯಾಜೆಟನ್ ಇಗರ್ಜಿಯ ಬಳಿ ನಿಂತಿದೆ. 1510ರಲ್ಲಿ ಪೋರ್ಚುಗೀಸರ ಕೈಸೇರುವ ಮೊದಲು ಗೋವಾ ನಮ್ಮ ವಿಜಯಪುರದ ಸುಲ್ತಾನರದಾಗಿತ್ತಲ್ಲ. ಆ ಬಾಗಿಲನ್ನು ಮಕ್ಕಳಿಗೆ ಸಂಜೆ ಐದಕ್ಕೆ ತೋರಿಸಿದೆ. ಅಲ್ಲಿಂದ ಮಾಂಡೋವಿ ದಾಟಿ ದೀವಾರ್ ದ್ವೀಪಕ್ಕೆ ಫೆರ್‍ರಿ ಹತ್ತಿದೆವು. ಕದಂಬರ ಕುಲದೈವ ಸಪ್ತಕೋಟೀಶ್ವರನ ಗುಡಿ ಮೊದಲು ಆ ದ್ವೀಪದಲ್ಲಿತ್ತೆಂದಾಗ ಅವ್ವ ದಡದತ್ತ ತಿರುಗಿ ಕೈಮುಗಿದಳು.

ಬೆಸಿಲಿಕಾಕ್ಕೆ ಮತ್ತೆ ಹೋಗಿದ್ದು ಆಕೆಯ ಹಟದಿಂದ. ಬಾಗಿಲು ತೆರೆಯುವ ಹೊತ್ತಿಗೇ ಹೋದರೂ ಒಂದು ಬಸ್ಸಿನ ಜನ ನಮಗಿಂತ ಮುಂದಿದ್ದರು. ಅವ್ವ ಅವರ ನಡುವೆ ಸೇರಿಕೊಂಡಳು. ಕೇರಳದ ಮುದುಕಿಯೊಬ್ಬಳಿಗೆ ತನ್ನ ಮೊಣಕಾಲು ತೋರಿಸಿ ಏನೋ ಹೇಳುತ್ತಿದ್ದಳು, ಆಕೆಯೂ ಮಲಯಾಳದಲ್ಲಿ ತನ್ನದನ್ನು ಹೇಳಿಕೊಳ್ಳುತ್ತಿದ್ದಳು. ಸಾಲು ಮುಂದೆ ಹೋದರೂ ಇಬ್ಬರೂ ನಿಂತೇ ಇದ್ದರು. ಕರೆಯಲು ಹೋದೆ. “ನೀ ಹೊರಗ ಕೂಡು ಹೋಗು. ನಮ್ಮದು ತಡ ಆಗ್ತದ” ಅಂದಳು.