ಟೆಂಟಿಗೊಂದು ಕೌದಿ

ಹೋದ ವಾರ ಮನಿಮಂದಿ ಗ್ರೂಪಿನ್ಯಾಗ ಹಾಕಿದ ಫೋಟೋಕ್ಕ ಎಷ್ಟು ಪ್ರಶ್ನಿ ಬಂದುವಂದ್ರ, ಒಬ್ಬೊಬ್ಬರಿಗೆ ಉತ್ತರಾ ಬರಿಯೂದು ಬಿಟ್ಟು ಇಲ್ಲೇ ಬರದುಬಿಡ್ತೀನಿ. ನಡುಮನಿ ತುಂಬ ಕರೇ ನೈಲಾನ್ ಬಟ್ಟಿ ಹಾಸಿತ್ತಲ್ಲ, ಅದು ಕೌದಿನೇ. ಆದ್ರ ಯಾರ ಬಾಣಂತನಕ್ಕೂ ಅಲ್ರಿ ವೈನಿ, ಸುಮ್ಮನ ಸುದ್ದಿ ಹಬ್ಬಸಬ್ಯಾಡ್ರಿ! ಅದು ಟೆಂಟಿಗೆ ಹಾಕೂ ಕೌದಿ. ಟೆಂಟು ಐಸಿನ ಮ್ಯಾಲ ಹಾಕೂದು. ಐಸಿನ ಮ್ಯಾಲ ಯಾಕ ಅಂದ್ರ, ಮೀನ ಹಿಡೀಲಿಕ್ಕೆ.

ನಾವಿರೂದು ಮಿನೆಸೋಟಾದಾಗ. ಇಲ್ಲೆ ಚಳಿಗಾಲದಾಗ ಕೆರಿ ಅಂದ್ರ ಕೆರಿ ಅಲ್ಲ, ಬಿಳೇ ಬಯಲು. ಮ್ಯಾಲಿನ ನೀರು ಹೆಪ್ಪುಗಟ್ಟಿ ಕಲ್ಲಾಗ್ತದ, ಬುಡಕ ನೀರು ನೀರಾಗೇ ಇರ್ತದ, ಮೀನ ಆರಾಮ ಓಡ್ಯಾಡತಿರ್ತಾವ. ಮಂದಿ ಐಸಿನ ಮ್ಯಾಲ ನಡಕೋತ ಹೋಗಿ, 8 ಇಂಚಿನ ತೂತು ಕೊರದು, ಗಾಳಾ ಬಿಟ್ಟು ಕೂಡ್ತಾರ. ತಾಸುಗಟ್ಟಲೆ. ಗಾಳಿಗೆ ತಡಿ ಬೇಕಂತ ಸುತ್ತಲೂ ಟೆಂಟು, ಛತ್ರಿಗತೆ ಮಡಚಿ ಚೀಲದಾಗ ತುಂಬೂ ಅಂಥಾದ್ದು. ಮಿಲ್ ಲ್ಯಾಕ್ಸ್ ಅಂತ ಒಂದು ದೊಡ್ಡ ಕೆರಿ ಅದ, ಅದರ ಮ್ಯಾಲಂತೂ ಜಾತ್ರಿಗೆ ಬಂದವರು ಬಿಡಾರ ಹೂಡಿದಂಗ ಕಾಣ್ತದ.

"ತಿನ್ನಂಗಿಲ್ಲ ಅಂದಮ್ಯಾಲ ಹಿಡಿಯೂದ್ಯಾಕ?" ಅಂತ ನಮ್ಮ ಅತ್ತಿಯವರು ಫೋನಿನ್ಯಾಗ ಕೇಳಿದ್ರು. ಪ್ರಶ್ನಿ ಬರೋಬ್ಬರಿ ಅದ. ಉತ್ತರಾ ಬಾಜೂಮನಿ ಅಜ್ಜಾರು. 78 ವರ್ಷ. ಅವರ ಹೆಂಡತಿ ಹೋದ ವರ್ಷ ಯುಗಾದಿ ಹೊತ್ತಿಗೆ ತೀರಿಕೊಂಡ್ರು, ಮಕ್ಕಳು ದೂರದೂರಾಗ ಇದ್ದಾರ. ನಾವು ಈ ಮನಿಗೆ ಬಂದ ಮೊದಲನೇ ಚಳಿಗಾಲದಾಗ ನಮ್ಮ ಬಾಕಲಾ ಮುಂದಿನ ಹಿಮಾ ಕೇಳದನ ತಗದು ಹೋಗಿದ್ರು, ಯಾರು ತಗದ್ರಂತ ನಮಗ ಎರಡು ದಿನಾ ಗೊತ್ತೇ ಆಗಿದ್ದಿಲ್ಲ. ಅಂಥವರು ಡಿಸೆಂಬರದಾಗ ಬಂದು "ನಿಮ್ಮ ಹುಡುಗನ್ನ ನನ್ನ ಕೂಡ ಕಳಸ್ತೀರೇನು, ಒಬ್ಬನ ಕೂಡಲಿಕ್ಕೆ ಬ್ಯಾಸರ ಬರ್ತದ" ಅಂತ ಕೇಳಿದ್ರ ಹ್ಯಾಂಗ ಒಲ್ಲೆ ಅನ್ನೂದು? ನಮ್ಮ ಸಣ್ಣಾಂವಗ 11. ಆಗಲೇ ಬೂಟು ಹಾಕ್ಕೊಂಡು ನಿಂತಿದ್ದ. ಸಿಕ್ಕ ಮೀನ ಅಜ್ಜಾರಿಗೆ, ಕೂತ ಮಜಾ ಇವಗ ಅಂತ ಒಪ್ಪಂದ. ನಾನು ಇಷ್ಟ ಅಂದೆ: "ಮೊದಲು ಆ ಟೆಂಟು ನೋಡ್ತೀನಿ."

ಗರಾಜಿನ್ಯಾಗ ಬಿಚ್ಚಿ ತೋರಿಸಿದ್ರು. ಉದ್ದ ಆರು ಫೂಟು, ಅಗಲ ಆರು ಫೂಟು, ಒಂದೇ ಪದರದ ತೆಳುವನ ಬಟ್ಟಿ. ಒಳಗ ಸಣ್ಣ ಪ್ರೊಪೇನ್ ಹೀಟರು. ಗಾಳಿ ಆಡ್ಲಿ ಅಂತ ಮ್ಯಾಲೆರಡು ಸಣ್ಣ ಕಿಡಕಿ ಇಟ್ಟಿರ್ತಾರ, ಅವೆರಡಕ್ಕೂ ಒಳಗಿಂದ ಬೆಳ್ಳಿ ಬಣ್ಣದ ಟೇಪು ಬಡದಿದ್ರು. "ಥಂಡಿ ಒಳಗ ಬರ್ತದ, ಅದಕ್ಕ ಬಂದ್ ಮಾಡೀನಿ" ಅಂದ್ರು. ನನ್ನ ಎದಿ ಧಸಕ್ಕಂತು.

ಯಾಕಂದ್ರ ನಮ್ಮ ಮನಿಯಾಗಿನ ಹಿರೇರಿಗೆ ನೆನಪಿರಬೇಕು, ದೊಡ್ಡಕ್ಕನ ಮೊದಲನೇ ಬಾಣಂತನ. ಶ್ರಾವಣದ ಜಿಟಿಜಿಟಿ ಮಳಿ. ಬಾಣಂತಿಗೆ ಗಾಳಿ ಸೋಕಬಾರದಂತ ಕಿಡಕಿಗೆ ಗೋಣಿಚೀಲ, ಬಾಕಲಾ ಸಂದಿಗೆ ಹಳೇ ಸೀರಿ, ಹೊರಸಿನ ಬುಡಕ ಇದ್ದಲಿ ಶೇಗಡಿ. ಮಧ್ಯಾಹ್ನ ಕಾಕು ಅಂಟಿನ ಉಂಡಿ ತಗೊಂಡು ಹೋಗಿ ಕೂಗಿದ್ರ ಅಕ್ಕ ಓ ಅನವೊಲ್ಲಳು. ಕೂಸು ಅರಿವಿಗತೆ ಜೋತುಬಿದ್ದಿತ್ತು. ಕಾಕು ಇಬ್ಬರನ್ನೂ ಎಳಕೊಂಡು ಪಡಸಾಲಿಗೆ ತಂದ್ರು, ಗಾಳಿ ಬಡದು ಸ್ವಲ್ಪ ಹೊತ್ತಿಗೆ ಇಬ್ಬರೂ ಕಣ್ಣು ಬಿಟ್ರು. ಆ ಕೂಸು ಈಗ ಪುಣೆದಾಗ ಇಂಜಿನಿಯರ್ ಆಗ್ಯಾನ. ಅವತ್ತು ಎಲ್ಲಾರೂ ದೃಷ್ಟಿ ಆತು ಅಂತ ಮೆಣಸಿನಕಾಯಿ ನಿವಾಳಿಸಿದ್ರು. ದೃಷ್ಟಿ ಅಲ್ಲ, ಕಾರ್ಬನ್ ಮೊನಾಕ್ಸೈಡ್. ಬೆಂಕಿ ಯಾವುದರೆ ಇರ್ಲಿ, ಇದ್ದಲಿ ಇರ್ಲಿ ಗ್ಯಾಸ್ ಇರ್ಲಿ, ಗಾಳಿ ಸಾಲದಿದ್ರ ಈ ವಿಷಾ ಉಗಳ್ತದ. ಇದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ಮೊದಲು ತಲಿನೋವು, ಚಕ್ಕರ್ ಬಂದಂಗ, ಹೊಟ್ಟಿ ತೊಳಸಿದಂಗ, ಆಮ್ಯಾಲ ನಿದ್ದಿ ಬಂದಂಗ. ಎದ್ದು ಬಾಕಲಾ ತಗೀಬೇಕು ಅನ್ನೂ ಬುದ್ಧಿನೇ ಮೊದಲು ಹೋಗಿಬಿಡ್ತದ. ಕಿಡಕಿ ಇಲ್ಲದ ಬಚ್ಚಲದಾಗ ಗ್ಯಾಸ್ ಗೀಸರ್ ಹಚ್ಚಿ ಸತ್ತವರ ಸುದ್ದಿ ನೀವೂ ಪೇಪರಿನ್ಯಾಗ ಓದೀರಿ, ಅದೂ ಇದೇ.

ಅಜ್ಜಾರಿಗೆ ಹೀಟರಿನ ಮ್ಯಾಲ ಭಾಳ ನಂಬಿಗಿ. "ಇದರಾಗ ಸೆನ್ಸರ್ ಅದ, ತಾನೇ ಆರ್ತದ" ಅಂದ್ರು. ಖರೆ ಅದ, ಆದ್ರ ಆ ಸೆನ್ಸರ್ ನೋಡೂದು ಆಕ್ಸಿಜನ್ ಕಡಿಮಿ ಆತೇನು ಅಂತ, ವಿಷಾ ಅದನೋ ಇಲ್ಲೋ ಅಂತಲ್ಲ. ವಯಸ್ಸಾದವರಿಗೆ, ಅದೂ ನಲವತ್ತು ವರ್ಷ ಐಸಿನ ಮ್ಯಾಲ ಕೂತವರಿಗೆ, ನಿನ್ನೆ ಮೊನ್ನೆ ಬಂದ ನಾನು ಹ್ಯಾಂಗ ಹೇಳೂದು? ಅದಕ್ಕ ವಾದಾ ಮಾಡಲಿಲ್ಲ. ದೊಡ್ಡಕ್ಕನ ಕಥಿ ಹೇಳಿದೆ, ಶೇಗಡಿ ಅಂದ್ರೇನಂತ ಕೈಲೆ ತೋರಿಸಿ. ಸುಮ್ಮನ ಕೇಳಿದ್ರು. ಆಮ್ಯಾಲ ತಾವೇ ಸ್ಟೂಲ್ ಹತ್ತಿ ಎರಡೂ ಟೇಪು ಕಿತ್ತು ತಗದ್ರು. "ಹಂಗಾದ್ರ ಥಂಡಿಗೇನು ಮಾಡೂದು?" ಅಂದ್ರು. ಅದು ನನಗ ಬಿಡ್ರಿ ಅಂದೆ.

ಈಗ ಮುಖ್ಯ ಮಾತಿಗೆ ಬರ್ತೀನಿ. ಟೆಂಟಿನೊಳಗ ಥಂಡಿ ಎಲ್ಲಾರೂ ತಿಳದಂಗ ಮ್ಯಾಲಿನ ಕಿಡಕಿಂದ ಅಷ್ಟು ಬರೂದಿಲ್ಲ. ಬುಡಕಿನಿಂದ ಬರ್ತದ. ಬಿಸಿಗಾಳಿ ಮ್ಯಾಲ ಏರಿ ಮಾಳಿಗಿಗೆ ಕೂಡ್ತದ, ಐಸಿನ ಮ್ಯಾಲ ಇಟ್ಟ ಕಾಲು ಐಸೇ ಆಗ್ತಾವ. ನಾನು ಒಂದಿನ ಥರ್ಮಾಮೀಟರ್ ಹಿಡಕೊಂಡು ಹೋಗಿ ಕೂತೆ. ತಲಿ ಹತ್ರ 19 ಡಿಗ್ರಿ, ಹಿಮ್ಮಡದ ಹತ್ರ 2. ಸ್ವೆಟರ್ ತಗೀಬೇಕೋ ಹಾಕ್ಕೋಬೇಕೋ ತಿಳಿಯೂದಿಲ್ಲ!

ಅದಕ್ಕ ಮೊದಲು ನೆಲ. ಒಳಗಿನ ಹಿಮಾ ಪೂರ್ತಿ ಸಲಿಕಿಲೆ ತಗದು, ಬರೀ ಐಸಿನ ಮ್ಯಾಲ ಒಂದಕ್ಕೊಂದು ಕೂಡಸೂ ಫೋಮ್ ಹಾಸು ಹಾಕಿದ್ವಿ. ಸಾಲ್ಯಾಗ ಸಣ್ಣ ಹುಡುಗರು ಆಡೂ ಕೋಣಿಗೆ ಹಾಸಿರ್ತಾರ ನೋಡ್ರಿ, ಅದೇ. ಎರಡೆರಡು ಫೂಟಿನ ಒಂಬತ್ತು ತುಂಡಿಗೆ ಟೆಂಟು ತುಂಬಿತು. ಗಾಳಾ ಬಿಡೂ ತೂತಿರೂ ಕಡೆ ಎರಡು ಗೋಲ ಕತ್ತರಿಸಿದೆ. ಇದರಿಂದ ಇನ್ನೊಂದು ಉಪಕಾರ ಏನಂದ್ರ, ಹೀಟರಿನ ಕಾವಿಗೆ ಐಸು ಕರಗಿ ಕಾಲಬುಡಕ ನೀರು ನಿಲ್ಲೂದು ತಪ್ಪಿತು. ಅಜ್ಜಾರು ಕುರ್ಚಿ ಮುಂದ ಕಾಲಿಡೂ ಜಾಗಾಕ್ಕ ಮನಿ ಕಟ್ಟೂವಾಗ ಗ್ವಾಡಿಗೆ ಹಾಕೂ ಗುಲಾಬಿ ಬಣ್ಣದ ಎರಡಿಂಚಿನ ಫೋಮ್ ಹಲಗಿ ಒಂದು ತುಂಡು ತಂದ್ರು. ಖರ್ಚು ಸಣ್ಣದು, ಸುಖ ದೊಡ್ಡದು. ತಗದ ಹಿಮಾನೂ ಒಗೀಲಿಲ್ಲ. ಟೆಂಟಿನ ಕೆಳಗ ಲಂಗದಂಚಿನಗತೆ ಹೊರಗ ಚಾಚಿದ ಬಟ್ಟಿ ಇರ್ತದ, ಅದರ ಮ್ಯಾಲ ಸುತ್ತಲೂ ಒಟ್ಟಿದ್ರ ಬುಡಕಿನಿಂದ ನುಗ್ಗೂ ಗಾಳಿ ಬಂದ್. ಬಾಕಲದ ಕೆಳಗ ಮಾತ್ರ ಒಂದು ಸಂದಿ ಬಿಟ್ಟೀವಿ, ಗಾಳಿ ಕೆಳಗಿಂದ ಬಂದು ಮ್ಯಾಲಿಂದ ಹೋಗಬೇಕಲ್ಲ.

ಆಮ್ಯಾಲ ಕೌದಿ. ಇದರಾಗ ನಾನು ಸ್ವಲ್ಪ ದಿಮಾಕು ಮಾಡ್ತೀನಿ, ಮಾಡಲಿಕ್ಕೆ ಬಿಡ್ರಿ. ನಮ್ಮ ಅವ್ವ, ಅಜ್ಜಿ ಹಳೇ ಸೀರಿ ಪದರ ಪದರ ಹಾಕಿ ಹೊಲದ ಕೌದಿ ಯಾಕ ಬೆಚ್ಚಗಿರ್ತಿತ್ತು? ಬಟ್ಟಿಯಿಂದಲ್ಲ, ಪದರಿನ ನಡುಕ ಸಿಕ್ಕ ಗಾಳಿಯಿಂದ. ಅಲುಗಾಡದ ಗಾಳಿಗಿಂತ ಛೊಲೊ ಹೊದಿಕಿ ಇಲ್ಲ. ಆದ್ರ ಇಲ್ಲೆ ಎರಡು ಫರಕು. ಒಂದು, ಹತ್ತಿ ಬಟ್ಟಿ ನಡಿಯೂದಿಲ್ಲ. ಒಮ್ಮೆ ಹಸಿ ಆದ್ರ ಒಣಗೂದಿಲ್ಲ, ಗಾಳಿ ಇರಬೇಕಾದ ಜಾಗಾದಾಗ ನೀರು ಕೂಡ್ತದ. ಅದಕ್ಕ ಎರಡೂ ಕಡೆ ತೆಳು ನೈಲಾನು, ನಡುಕ ಪಾಲಿಯೆಸ್ಟರ್ ಹತ್ತಿಹಾಸು. ಎರಡು, ನಮ್ಮ ಕೌದಿಗೆ ಹೊಲಿಗಿ ಒತ್ತೊತ್ತಾಗಿ ಇದ್ದಷ್ಟು ಹೆಚ್ಚು ಚೆಂದ, ಹೆಚ್ಚು ಬಾಳಿಕಿ. ಇಲ್ಲೆ ಒತ್ತಿ ಹೊಲದ್ರ ಗಾಳಿ ಹಿಂಡಿ ಹೋಗ್ತದ, ಹೊಲಿಗಿ ಸಾಲಿನಗುಂಟ ಥಂಡಿ ಒಳಗ ಬರ್ತದ. ಎಂಟೆಂಟು ಇಂಚಿಗೆ ಒಂದು ಚೌಕ, ಸಾಕು. ಒಳಗಿನ ಹಾಸು ಜಾರಿ ಕೆಳಗ ಕೂಡಬಾರದು, ಅಷ್ಟ ನೋಡಿಕೊಂಡೆ. ಅವ್ವ ವಿಡಿಯೋದಾಗ ನೋಡಿ "ಇದೆಂಥಾ ಹೊಲಿಗಿ, ಆಕಳು ಮೇಯ್ದಂಗ" ಅಂದಳು.

ಟೆಂಟಿಗೇ ನೇರ ಹೊಲೀಲಿಲ್ಲ. ಸೂಜಿ ಹೋದ ತೂತಿನ್ಯಾಗ ಗಾಳಿ, ನೀರು ಎರಡೂ ಬರ್ತಾವ. ಅಂಚಿಗೆ ಕಸಿ ಹಚ್ಚಿ ಒಳಗಿನ ಕಡ್ಡಿಗೆ ಕಟ್ಟಿದೆ, ಲಂಗೋಟಿ ಕಟ್ಟಿದಂಗ. ಮೊದಲು ಮಾಳಿಗಿ, ಆಮ್ಯಾಲ ಮೂರು ಗ್ವಾಡಿ. ಹೀಟರ್ ಇಡೂ ಮೂಲಿಗೆ ಕೌದಿ ಹಾಕಿಲ್ಲ. ನೈಲಾನು ಬೆಂಕಿ ಕಂಡ್ರ ಮೇಣದಂಗ ಕರಗ್ತದ. ಹೀಟರಿನ ಮುಂದ, ಮ್ಯಾಲ ಎಷ್ಟು ಜಾಗಾ ಬಿಡಬೇಕಂತ ಅದರ ಪುಸ್ತಕದಾಗ ಬರದಿರ್ತಾರ, ಅದರ ಮ್ಯಾಲ ಇನ್ನೊಂದು ಗೇಣು ಹೆಚ್ಚೇ ಬಿಟ್ಟೆ. ಕಿಡಕಿ ಎರಡರ ಸುತ್ತಲೂ ಕೌದಿ ಕತ್ತರಿಸಿ ಕೆಂಪು ಪಟ್ಟಿ ಹೊಲದೆ, ಬಂದ್ ಆಗ್ಯಾವೇನು ಅಂತ ದೂರಿಂದನೇ ಕಾಣ್ಲಿ ಅಂತ. ಅದರ ಬಾಜೂ ಬ್ಯಾಟರಿ ಮ್ಯಾಲ ನಡಿಯೂ ಮೊನಾಕ್ಸೈಡ್ ಅಲಾರಂ. ಮನಿಯಾಗ ಹಚ್ಚೂದು ಭಾಳ ಥಂಡ್ಯಾಗ ನೆಟ್ಟಗ ಕೆಲಸ ಮಾಡೂದಿಲ್ಲ, ಎಷ್ಟು ಡಿಗ್ರಿ ತನಕ ನಡೀತದ ಅಂತ ಡಬ್ಬಿ ಮ್ಯಾಲ ನೋಡಿ ತಗೋಬೇಕು.

ಕಿಡಕಿ ತಗದ್ರ ಕಾವು ಹೋಗ್ತದಲ್ಲ ಅಂತ ನೀವೂ ಅಂತೀರಿ, ನಮ್ಮನಿಯವರೂ ಅಂದ್ರು. ಅದಕ್ಕ ಕೂತು ಲೆಕ್ಕಾ ಹಾಕಿ ತೋರಿಸಿದೆ. ಪ್ರೊಪೇನ್ ಉರದ್ರ ನೀರಿನ ಉಗಿ ಆಗ್ತದ. ಒಂದು ಪೌಂಡಿನ ಸಣ್ಣ ಸಿಲಿಂಡರ್ ಪೂರ್ತಿ ಉರದ್ರ ಮುಕ್ಕಾಲು ಲೀಟರಿನ ಹತ್ತಿರ ಹತ್ತಿರ ನೀರು! ಅದರ ಮ್ಯಾಲ ಇಬ್ಬರ ಉಸಿರು. ಎಲ್ಲಾ ಬಂದ್ ಮಾಡಿ ಕೂತ್ರ ಆ ಉಗಿ ಥಂಡಿ ಬಟ್ಟಿಗೆ ಬಡದು ಹನಿ ಆಗಿ ತಲಿ ಮ್ಯಾಲ, ಹೆಗಲ ಮ್ಯಾಲ ಟಪ್ ಟಪ್ ಬೀಳ್ತದ. ಹಸಿ ಅರಿವಿ ಉಟಗೊಂಡು ಎಷ್ಟು ಹೀಟರ್ ಹಚ್ಚಿದ್ರೂ ನಡಗೂದೇ. ಕೌದಿ ಇದ್ರ ಒಳಗಿನ ಬಟ್ಟಿ ಅಷ್ಟು ಥಂಡಿ ಇರೂದಿಲ್ಲ, ಹನಿ ಕಡಿಮಿ. ಉಳದ ಉಗಿ ಆ ಕಿಡಕಿಂದನೇ ಹೊರಗ ಹೋಗಬೇಕು. ಅಜ್ಜಾರ ಟೋಪಿ ಇಷ್ಟು ವರ್ಷ ಯಾಕ ಹಸಿ ಆಗ್ತಿತ್ತಂತ ಅವರಿಗೂ ಆಗ ಹೊಳೀತು.

ಉಳದದ್ದು ನಿಮಗ ಗೊತ್ತಿದ್ದದ್ದೇ. ಹತ್ತಿ ಕಾಲುಚೀಲ ಬ್ಯಾಡ, ಉಣ್ಣಿದು ಒಂದೇ ಜೋಡಿ ಸಾಕು. ಎರಡು ಜೋಡಿ ತುರುಕಿದ್ರ ಬೂಟು ಬಿಗಿ ಆಗಿ ಕಾಲು ಇನ್ನೂ ಥಂಡಿ ಆಗ್ತಾವ. ಕೈಗವಸು ಒಂದು ಜೋಡಿ ಹೆಚ್ಚಿಗಿ, ಯಾಕಂದ್ರ ಮೀನ ಹಿಡದ ಕೈ ಹಸಿ ಇರ್ತದ. ಥರ್ಮಾಸಿನ್ಯಾಗ ಚಹಾ, ಡಬ್ಬ್ಯಾಗ ಶೇಂಗಾ ಉಂಡಿ. ಅಜ್ಜಾರು ಒಂದು ತಿಂದು, ಎರಡನೇದು ಜೇಬಿನ್ಯಾಗ ಹಾಕ್ಕೋತಾರಂತ. ಹೊರಗ ಹೋಗೂ ತ್ರಾಸಿನ ಬಗ್ಗೆ ಹೆಣ್ಣಮಕ್ಕಳು ನನಗ ಫೋನ್ ಮಾಡಿ ಕೇಳ್ರಿ, ಇಲ್ಲೆ ಬರಿಯೂದಿಲ್ಲ.

ಐಸು ಒಡೀತದೇನು ಅಂತ ಅತ್ತಿಯವರ ಭಯ. ನಡದು ಹೋಗಲಿಕ್ಕೆ ಸ್ವಚ್ಛ ಗಟ್ಟಿ ಐಸು ಕಡೀಗೆ 4 ಇಂಚರೆ ಇರಬೇಕಂತ ಇಲ್ಲಿ ಸರಕಾರದವರು ಹೇಳ್ತಾರ, ಹಿಮಾ ಕೂಡಿ ಆದ ಬಿಳೇ ಐಸಾದ್ರ ಅದರ ಎರಡರಷ್ಟು. ಯಾವ ಐಸನ್ನೂ ಪೂರ್ತಿ ನಂಬಬಾರದಂತನೂ ಅವರೇ ಹೇಳ್ತಾರ. ಅಜ್ಜಾರು ಹಾರಿ ಹಿಡಕೊಂಡು ಕುಟ್ಟಿಕೋತ ಮುಂದ, ನಮ್ಮಾಂವ ಅವರ ಹೆಜ್ಜಿ ಮ್ಯಾಲ ಹಿಂದ. ಅವರು ಹೋದ ದಿನ 14 ಇಂಚಿತ್ತು. ಕೊರಳಾಗ ಇಬ್ಬರೂ ಮೊಳಿ ಇರೂ ಎರಡು ಹಿಡಿಕಿ ಜೋತುಬಿಟ್ಟಿರ್ತಾರ, ಬಿದ್ರ ಐಸಿಗೆ ಚುಚ್ಚಿ ಮ್ಯಾಲ ಬರಲಿಕ್ಕೆ. ಅದನ್ನ ಅತ್ತಿಯವರಿಗೆ ಹೇಳಿಲ್ಲ, ನೀವೂ ಹೇಳಬ್ಯಾಡ್ರಿ.

ಮೊದಲನೇ ಶನಿವಾರ ಹೊರಗ ಮೈನಸ್ 16. ನಾಲ್ಕು ತಾಸು ಕೂತು ಬಂದ್ರು. ಹೀಟರ್ ಸಣ್ಣದರ ಮ್ಯಾಲೇ ಇಟ್ಟಿದ್ರು, ದೊಡ್ಡದು ಮಾಡೂ ಪ್ರಸಂಗ ಬರಲಿಲ್ಲಂತ. ಥರ್ಮಾಮೀಟರ್ ನಮ್ಮಾಂವನ ಕೈಯಾಗ ಕೊಟ್ಟಿದ್ದೆ, ತಾಸಿಗೊಮ್ಮೆ ಬರದುಕೊಂಡು ಬಂದಾನ. ತಲಿ ಹತ್ರ 17, ಕಾಲ ಹತ್ರ 9. ಮೀನ ಒಂದೇ, ಅದೂ ಸಣ್ಣದು, ತಿರುಗಿ ನೀರಿಗೇ ಬಿಟ್ರಂತ. ನಾಲ್ಕು ತಾಸು ಏನು ಮಾತಾಡಿದ್ರಿ ಅಂದ್ರ, "ಅಜ್ಜಿ ಬಗ್ಗೆ" ಅಂದ.

ಬಂದಮ್ಯಾಲ ಕೌದಿ ಬಿಚ್ಚಿ ಗರಾಜಿನ್ಯಾಗ ಹಗ್ಗದ ಮ್ಯಾಲ ಹಾಕಬೇಕು. ಹಸೀದು ಮಡಚಿಟ್ರ ಬೂಸ್ರ ಹಿಡೀತದ. ಈಗ ಅಜ್ಜಾರೇ ಹಾಕ್ತಾರ, ಕ್ಲಿಪ್ಪು ಸಾಲಾಗಿ ಹಚ್ಚಿ. ಬರೂ ಶನಿವಾರ ನನಗೂ ಬರ್ರಿ ಅಂದಾರ. ಮೂರು ಕುರ್ಚಿ ಹಿಡಸ್ತಾವೋ ಇಲ್ಲೋ, ಇವತ್ತ ಸಂಜಿಗೆ ಟೇಪು ಹಿಡಕೊಂಡು ಹೋಗಿ ಅಳದು ಬರ್ತೀನಿ.