ಕ್ಯಾಮೆರಾಗಳ ಆಯುಧಪೂಜೆ

ಕ್ಯಾಮೆರಾ ಇರೋದು ಫೋಟೋ ತೆಗೆಯೋಕೆ. ಇದನ್ನ ಯಾರು ಬೇಕಾದ್ರೂ ಒಪ್ಪಿಕೊಳ್ತಾರೆ. ಆದರೆ ಕ್ಯಾಮೆರಾದ್ದೇ ಫೋಟೋ ತೆಗೆದು ನಾಲ್ಕು ಜನಕ್ಕೆ ತೋರಿಸಿ ಖುಷಿಪಡೋ ಒಂದು ದೊಡ್ಡ ಪಂಗಡವೇ ಜಗತ್ತಿನಲ್ಲಿದೆ. ಅದರಲ್ಲೂ ಡಿಜಿಟಲ್ ರೇಂಜ್‌ಫೈಂಡರ್ ಇಟ್ಟುಕೊಂಡವರು ಈ ಪಂಗಡದ ಮಠಾಧಿಪತಿಗಳು ಅಂತಲೇ ಹೇಳಬಹುದು.

ಆ ಫೋಟೋಗಳನ್ನ ಒಂದು ಹತ್ತು ನೋಡಿದರೆ ಹನ್ನೊಂದನೆಯದು ಹೇಗಿರುತ್ತೆ ಅಂತ ನೀವೇ ಹೇಳ್ತೀರಿ. ಕಡು ಕಂದು ಬಣ್ಣದ ಮರದ ಟೇಬಲ್. ಪಕ್ಕದ ಕಿಟಕಿಯಿಂದ ಓರೆಯಾಗಿ ಬೀಳೋ ಬೆಳಕು. ನಡುವೆ ಕ್ಯಾಮೆರಾ, ಅದರ ಕೆಳಗರ್ಧಕ್ಕೆ ಚರ್ಮದ ಅಂಗಿ (ಇದಕ್ಕೆ ಹಾಫ್ ಕೇಸ್ ಅಂತಾರೆ). ಶಟರ್ ಬಟನ್ ಮೇಲೆ ಕುಂಕುಮದ ಬೊಟ್ಟಿನ ಹಾಗೆ ಒಂದು ಕೆಂಪು ಗುಂಡಿ, ಅದು ಸಾಫ್ಟ್ ರಿಲೀಸ್. ಹಿಂದೆ ಹೆಬ್ಬೆರಳು ಊರೋಕೆ ಲೋಹದ ಕೊಕ್ಕೆ. ಅಕ್ಕಪಕ್ಕ ಎರಡು ಲೆನ್ಸ್, ಒಂದು ಕಾಫಿ ಕಪ್, ಒಂದು ವಾಚು. ತಮಾಷೆ ಏನಂದ್ರೆ, ಈ ಫೋಟೋವನ್ನ ಇನ್ನೊಂದು ರೇಂಜ್‌ಫೈಂಡರ್‌ನಲ್ಲಿ ತೆಗೆಯೋದು ಕಷ್ಟ. ಅವುಗಳ ಹೆಚ್ಚಿನ ಲೆನ್ಸ್‌ಗಳು ಸುಮಾರು 70 ಸೆಂಟಿಮೀಟರಿಗಿಂತ ಹತ್ತಿರದ ವಸ್ತುವಿಗೆ ಫೋಕಸ್ಸೇ ಆಗಲ್ಲ. ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾದ ಚಂದ ತೋರಿಸೋಕೆ ಕೊನೆಗೆ ಜೇಬಿನ ಮೊಬೈಲೇ ಬೇಕಾಗುತ್ತೆ.

ಮೊದಮೊದಲು ನನಗೂ ಇದು ಬರೀ ಶೋಕಿ ಅನ್ನಿಸ್ತಿತ್ತು. ಹೋದ ಸೆಮಿಸ್ಟರ್ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಯೊಬ್ಬರು ಫೆಸ್ಟಿಗೆ ಬಂದಾಗ ತಮ್ಮ ಲೈಕಾ ಎಂ9 ತಂದಿದ್ರು. ಕ್ಯಾಂಟೀನ್ ಟೇಬಲ್ ಮೇಲೆ ಬ್ಯಾಗಿನಿಂದ ಒಂದೊಂದೇ ತೆಗೆದಿಟ್ಟರು: ಬಾಡಿ, 35 ಮತ್ತು 50 ಎಂಎಂ ಲೆನ್ಸ್, ಹಾಫ್ ಕೇಸ್, ಮಣಿಕಟ್ಟಿನ ಸ್ಟ್ರ್ಯಾಪ್. ಸುತ್ತ ಇಪ್ಪತ್ತು ಜನ. ಒಳ್ಳೆ ಮನುಷ್ಯ, ಎಲ್ಲರ ಕೈಗೂ ಕೊಟ್ಟರು. ನನ್ನ ಪಾಲಿಗೆ ಹತ್ತು ನಿಮಿಷ ಸಿಕ್ಕಿತು.

ಕಣ್ಣಿಟ್ಟು ನೋಡಿದರೆ ಎಲ್ಲ ಕ್ಯಾಮೆರಾದ ಹಾಗೆ ಮಸುಕು-ಸ್ಪಷ್ಟ ಆಟ ಇಲ್ಲ. ಇಡೀ ದೃಶ್ಯ ಕಿಟಕಿಯಲ್ಲಿ ಕಂಡಷ್ಟೇ ಸ್ಪಷ್ಟ. ನಡುವೆ ಮಾತ್ರ ಒಂದು ಪುಟ್ಟ ಹೊಳೆಯೋ ಚೌಕ. ಅದರೊಳಗೆ ನೋಟಿಸ್ ಬೋರ್ಡಿನ ಅಂಚು ಎರಡೆರಡಾಗಿ ಕಾಣ್ತಿತ್ತು. ಲೆನ್ಸ್ ತಿರುಗಿಸ್ತಾ ಹೋದ ಹಾಗೆ ಆ ಎರಡು ಗೆರೆ ಹತ್ತಿರ ಬಂದು, ಒಂದರ ಮೇಲೊಂದು ಕೂತವು. ಅಷ್ಟೇ, ಫೋಕಸ್ ಆಯ್ತು.

ಇದರ ಹಿಂದಿರೋದು ಹೈಸ್ಕೂಲ್ ಟ್ರಿಗನಾಮೆಟ್ರಿ. ಕ್ಯಾಮೆರಾದ ಮುಂಭಾಗದಲ್ಲಿ ಎರಡು ಕಿಟಕಿಗಳು. ಲೈಕಾ ಎಂ ಕ್ಯಾಮೆರಾಗಳಲ್ಲಿ ಅವುಗಳ ನಡುವಿನ ಅಂತರ ಸುಮಾರು 69 ಮಿಲಿಮೀಟರ್, ಹೆಚ್ಚುಕಡಿಮೆ ನಮ್ಮ ಎರಡು ಕಣ್ಣುಗಳ ನಡುವೆ ಇರೋಷ್ಟೇ. ಎರಡು ಕಿಟಕಿಗಳಿಂದ ಒಂದೇ ವಸ್ತುವನ್ನ ನೋಡಿದಾಗ ಒಂದು ತ್ರಿಕೋನ ಆಗುತ್ತೆ. ಎರಡು ಮೀಟರ್ ದೂರದ ವಸ್ತುವಿಗೆ ಕೋನ ಸುಮಾರು 2 ಡಿಗ್ರಿ. ಹತ್ತು ಮೀಟರಿಗೆ ಬರೀ 0.4 ಡಿಗ್ರಿ. ಲೆನ್ಸ್ ತಿರುಗಿಸಿದಾಗ ಅದರ ಹಿಂಭಾಗ ಕ್ಯಾಮೆರಾದೊಳಗಿನ ಒಂದು ಪುಟ್ಟ ಉರುಳೆಯನ್ನ ತಳ್ಳುತ್ತೆ, ಆ ಉರುಳೆಗೆ ಸೇರಿದ ಸನ್ನೆಕೋಲು ಎರಡನೇ ಕಿಟಕಿಯ ಬಿಂಬವನ್ನ ಅಷ್ಟೇ ಕೋನ ಸರಿಸುತ್ತೆ. ಮೋಟಾರ್ ಇಲ್ಲ, ಕೋಡ್ ಇಲ್ಲ. ಡಿಗ್ರಿಯ ಹತ್ತನೇ ಒಂದು ಭಾಗದ ಲೆಕ್ಕವನ್ನ ಕಬ್ಬಿಣ-ಹಿತ್ತಾಳೆಯಲ್ಲಿ ಮಾಡಿ ಮುಗಿಸಿದ್ದಾರೆ. ನಮ್ಮ ವರ್ಕ್‌ಶಾಪ್ ಲ್ಯಾಬಲ್ಲಿ ಒಂದು ಚೌಕ ಫಿಟ್ ಮಾಡೋಕೆ ಮೂರು ಗಂಟೆ ಫೈಲ್ ಉಜ್ಜಿದ ನಮ್ಮಂಥವರು ಇದಕ್ಕೆ ಕೈ ಮುಗೀಬೇಕು.

ಇನ್ನೊಂದು ವಿಷಯ. ಆ ಕಿಟಕಿಯಲ್ಲಿ ಫೋಟೋಗೆ ಎಷ್ಟು ಬರುತ್ತೆ ಅನ್ನೋದಕ್ಕೆ ಬಿಳಿ ಗೆರೆಯ ಚೌಕಟ್ಟು ಇರುತ್ತೆ, ಗೆರೆಯ ಆಚೆಗೂ ಜಗತ್ತು ಕಾಣುತ್ತೆ. ಬಲಗಡೆಯಿಂದ ಸೈಕಲ್ ಬರ್ತಿದೆ ಅಂತ ಮೊದಲೇ ಗೊತ್ತಾಗುತ್ತೆ, ಕಾಯಬಹುದು. ರಸ್ತೆ ಫೋಟೋಗ್ರಫಿ ಮಾಡೋರು ಇದನ್ನ ಯಾಕೆ ಬಿಡಲ್ಲ ಅಂತ ಆಗ ಅರ್ಥ ಆಯ್ತು. ತೊಂದರೆಯೂ ಇದೆ: ನೋಡೋದು ಲೆನ್ಸ್ ಮೂಲಕ ಅಲ್ಲವಲ್ಲ, ಮುಚ್ಚಳ ತೆಗೆಯೋದು ಮರೆತರೂ ಎಲ್ಲ ಚೆನ್ನಾಗಿಯೇ ಕಾಣುತ್ತೆ!

ಹೀಗೆ ಹುಚ್ಚು ಹತ್ತಿದ ಮೇಲೆ ಇಂಟರ್ನಲ್ಸ್ ಪಕ್ಕಕ್ಕಿಟ್ಟು ಓದೋಕೆ ಶುರು ಮಾಡಿದೆ. ಲೈಕಾ ಎಂ3 ಬಂದಿದ್ದು 1954ರಲ್ಲಿ. ಅದಕ್ಕೆ ಮಾಡಿದ ಲೆನ್ಸ್ ಕೂರಿಸೋ ಬಾಯಿಯನ್ನ ಇವತ್ತಿಗೂ ಬದಲಾಯಿಸಿಲ್ಲ. ಆದರೆ ಇದೇ ರೇಂಜ್‌ಫೈಂಡರ್‌ಗಳಿಗೆ ಡಿಜಿಟಲ್ ಆಗೋದು ಕಷ್ಟ ಮಾಡಿತು. ಎಸ್‌ಎಲ್‌ಆರ್‌ಗಳಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಇರೋದರಿಂದ ಜಾಗ ಜಾಸ್ತಿ, ನಿಕಾನ್‌ನಲ್ಲಿ 46.5 ಮಿ.ಮೀ. ಲೈಕಾದಲ್ಲಿ ಕನ್ನಡಿ ಇಲ್ಲ, ಜಾಗ ಬರೀ 27.8 ಮಿ.ಮೀ. ಹಾಗಾಗಿ ಮೂಲೆಗಳಿಗೆ ಬೆಳಕು ತುಂಬ ಓರೆಯಾಗಿ ಬೀಳುತ್ತೆ. ಫಿಲ್ಮ್ ಅದನ್ನ ಸಹಿಸಿಕೊಳ್ತಿತ್ತು. ಸೆನ್ಸರ್‌ನ ಪಿಕ್ಸೆಲ್‌ಗಳು ಪುಟ್ಟ ಬಾವಿಗಳಿದ್ದ ಹಾಗೆ, ಓರೆ ಬೆಳಕು ತಳ ಮುಟ್ಟಲ್ಲ.

ಮೊದಲು ಧೈರ್ಯ ಮಾಡಿದ್ದು ಲೈಕಾ ಅಲ್ಲ, ನಮ್ಮ ಆಫೀಸ್ ರೂಮಲ್ಲಿರೋ ಪ್ರಿಂಟರ್ ಕಂಪನಿ ಎಪ್ಸನ್. 2004ರಲ್ಲಿ ಜಪಾನಿನ ಕೊಸಿನಾ ಜೊತೆ ಸೇರಿ ಆರ್‌-ಡಿ1 ಅನ್ನೋ ಕ್ಯಾಮೆರಾ ತಂದರು, 6 ಮೆಗಾಪಿಕ್ಸೆಲ್. ಮೇಲುಗಡೆ ಗಡಿಯಾರದ ಥರ ಮುಳ್ಳುಗಳು: ಎಷ್ಟು ಫೋಟೋ ಬಾಕಿ, ಬ್ಯಾಟರಿ ಎಷ್ಟಿದೆ, ಎಲ್ಲ ಮುಳ್ಳೇ ಹೇಳುತ್ತೆ. ಫಿಲ್ಮೇ ಇಲ್ಲದ ಕ್ಯಾಮೆರಾಗೆ ಫಿಲ್ಮ್ ಎಳೆಯೋ ಲಿವರ್ ಬೇರೆ! ಅದು ಶೋಕಿಗಲ್ಲ, ಪ್ರತಿ ಸಲ ಎಳೆದರೇ ಶಟರ್ ಸಜ್ಜಾಗೋದು. 2018ರಲ್ಲಿ ಬಂದ ಲೈಕಾ ಎಂ10-ಡಿಯಲ್ಲೂ ಅಂಥದ್ದೇ ಲಿವರ್ ಇದೆ, ಆದರೆ ಅದು ಬರೀ ಹೆಬ್ಬೆರಳು ಊರೋಕೆ. ಎರಡು ಲಿವರ್‌ಗಳ ನಡುವಿನ ವ್ಯತ್ಯಾಸದಲ್ಲಿ ಈ ಪ್ರಬಂಧದ ಅರ್ಧ ವಿಷಯ ಇದೆ.

ಲೈಕಾ ಎಂ8 ಬಂದಿದ್ದು 2006ರಲ್ಲಿ. ಮೂಲೆಗಳ ಓರೆ ಬೆಳಕಿನ ತೊಂದರೆ ತಪ್ಪಿಸೋಕೆ ಸೆನ್ಸರ್ ಮುಂದಿನ ಗಾಜನ್ನ ತುಂಬ ತೆಳುವಾಗಿ ಇಟ್ಟರು. ಅಲ್ಲಿ ಉಳಿಸಿದ್ದು ಇಲ್ಲಿ ಹೊಡೆಯಿತು: ಇನ್‌ಫ್ರಾರೆಡ್ ಒಳಗೆ ನುಗ್ಗಿ, ಸಿಂಥೆಟಿಕ್ ಕಪ್ಪು ಬಟ್ಟೆಗಳು ನೇರಳೆ ಬಣ್ಣಕ್ಕೆ ತಿರುಗಿದವು. ಕೊನೆಗೆ ಕಂಪನಿ ಕೊಂಡವರಿಗೆಲ್ಲ ಎರಡೆರಡು ಫಿಲ್ಟರ್ ಪುಕ್ಕಟೆ ಹಂಚಿತು. 2009ರ ಎಂ9ರಲ್ಲಿ ಕೊನೆಗೂ 35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಬಂತು, ಕೆಲವು ವರ್ಷಕ್ಕೆ ಅದರ ಮೇಲಿನ ಗಾಜು ಸವೆದು ಕಲೆ ಬೀಳೋಕೆ ಶುರುವಾಯ್ತು. ಇಷ್ಟಾದರೂ ಜನ ಬಿಡಲಿಲ್ಲ ನೋಡಿ. ಪ್ರೀತಿ ಅಂದ್ರೆ ಇದೇ ಇರಬೇಕು.

ಆಮೇಲೆ ಅಲಂಕಾರದ ಕಥೆ. ಫ್ರಾನ್ಸಿನ ಆನ್ರಿ ಕಾರ್ಟಿಯೇ-ಬ್ರೆಸ್ಸೋ ತನ್ನ ಲೈಕಾದ ಹೊಳೆಯೋ ಭಾಗಗಳಿಗೆ ಕಪ್ಪು ಟೇಪ್ ಸುತ್ತಿದ್ದ, ರಸ್ತೆಯಲ್ಲಿ ಜನರ ಕಣ್ಣಿಗೆ ಬೀಳಬಾರದು ಅಂತ. ಈಗಿನವರು ಮುಂದಿನ ಕೆಂಪು ಚುಕ್ಕೆಗೆ ಟೇಪ್ ಹಚ್ಚಿ, ಹಚ್ಚಿದ ಟೇಪಿನ ಫೋಟೋ ತೆಗೆದು ಎಲ್ಲರಿಗೂ ತೋರಿಸ್ತಾರೆ. ಕಂಪನಿಗೂ ಇದು ಗೊತ್ತು. 2011ರಲ್ಲಿ ಚುಕ್ಕೆ ಇಲ್ಲದ ಎಂ9-ಪಿ ಬಂತು, ಸ್ಕ್ರೀನಿಗೆ ಸಫೈರ್ ಗಾಜು ಹಾಕಿ, ರೇಟೂ ಜಾಸ್ತಿ ಮಾಡಿ. ಇನ್ನು ಕಪ್ಪು ಬಣ್ಣದ ಕ್ಯಾಮೆರಾಗಳು ವರ್ಷಗಟ್ಟಲೆ ಬಳಸಿದ ಮೇಲೆ ಅಂಚು ಸವೆದು ಒಳಗಿನ ಹಿತ್ತಾಳೆ ಇಣುಕುತ್ತೆ. ಇದು ದೊಡ್ಡ ಗೌರವದ ಗುರುತು. ಸವೆಯೋವರೆಗೂ ಕಾಯೋಕೆ ಆಗದವರಿಗೆ 2015ರಲ್ಲಿ ಗಾಯಕ ಲೆನ್ನಿ ಕ್ರಾವಿಟ್ಜ್ ವಿನ್ಯಾಸ ಮಾಡಿದ 125 ಸೆಟ್ ಲೈಕಾ ಬಂತು, ಕಾರ್ಖಾನೆಯಲ್ಲೇ ಕೈಯಿಂದ ಉಜ್ಜಿ ಸವೆಸಿ ಕೊಟ್ಟಿದ್ದು. ಹರಿದ ಜೀನ್ಸಿಗೆ ಜಾಸ್ತಿ ದುಡ್ಡು ಕೊಡೋ ನಾವು ನಗೋ ಹಾಗಿಲ್ಲ ಬಿಡಿ.

ಇದನ್ನೆಲ್ಲ ನಾನು ಮಾಮನಿಗೆ ಹೇಳಿದೆ. ನನ್ನ ಸೋದರಮಾವ ತಿಪಟೂರಿನಲ್ಲಿ ಸ್ಟುಡಿಯೋ ಇಟ್ಟಿದ್ದಾರೆ. ಮದುವೆ, ನಾಮಕರಣ, ಗೃಹಪ್ರವೇಶ, ಪಾಸ್‌ಪೋರ್ಟ್ ಸೈಜ್. ಎಂ8ರ ಕಥೆ ಕೇಳಿ ಬಿದ್ದು ಬಿದ್ದು ನಕ್ಕರು. "ಗಂಡಿನ ಕಪ್ಪು ಸೂಟು ನೇರಳೆ ಬಂದ್ರೆ ಬೀಗರು ನನ್ನ ಬ್ಯಾಲೆನ್ಸ್ ದುಡ್ಡು ಕೊಡ್ತಾರೇನೋ?" ಅಂದ್ರು. ಮಾಮನ ನಿಕಾನ್ ಡಿ90 ಕೂಡ ಸವೆದಿದೆ, ಯಾರೂ ಉಜ್ಜಿಕೊಟ್ಟಿದ್ದಲ್ಲ. ಹಿಡಿಯ ರಬ್ಬರ್ ಎದ್ದು ಬಂದು ಅಲ್ಲಿಗೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದ್ದಾರೆ. ಬ್ರೆಸ್ಸೋಗೂ ಮಾಮನಿಗೂ ಟೇಪಿನ ವಿಷಯದಲ್ಲಿ ಸಾಮ್ಯ ಇದೆ ಅಂತ ನನಗೆ ಒಳಗೊಳಗೇ ಹೆಮ್ಮೆ.

ಮಾಮ ಶೋಕಿಯ ಮನುಷ್ಯ ಅಲ್ಲ. ಆದರೂ ವರ್ಷಕ್ಕೊಂದು ದಿನ ಅವರೂ ಅದೇ ಫೋಟೋದ ಥರ ಎಲ್ಲ ಜೋಡಿಸ್ತಾರೆ. ಆಯುಧಪೂಜೆ ದಿನ ಸ್ಟುಡಿಯೋದ ಟೇಬಲ್ ಒರೆಸಿ, ಹೊಸ ಪಂಚೆ ಹಾಸಿ, ನಡುವೆ ಡಿ90, ಅಕ್ಕಪಕ್ಕ ಲೆನ್ಸ್‌ಗಳು, ಫ್ಲಾಶ್, ಚಾರ್ಜರ್, ಟ್ರೈಪಾಡ್, ಮೆಮೊರಿ ಕಾರ್ಡುಗಳು. ಫಿಲ್ಮ್ ಕಾಲದ ಯಾಶಿಕಾ ಎಲೆಕ್ಟ್ರೋ 35 ಕೂಡ ಬೀರುವಿನಿಂದ ಆಚೆ ಬರುತ್ತೆ. ಅದೂ ರೇಂಜ್‌ಫೈಂಡರೇ ಅಂತ ಗೊತ್ತಾಗಿದ್ದು ಈ ಹುಚ್ಚು ಹತ್ತಿದ ಮೇಲೆ. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿ ಈಗ ತಯಾರಾಗಲ್ಲ, ಆದರೆ ಕಣ್ಣಿಟ್ಟರೆ ಎರಡು ಬಿಂಬ ಇವತ್ತಿಗೂ ಸೇರುತ್ತೆ. ಎಲ್ಲದಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ಶಟರ್ ಬಟನ್ ಮೇಲೆ ಒಂದು ಬೊಟ್ಟು, ಥೇಟ್ ಸಾಫ್ಟ್ ರಿಲೀಸ್.

ಆದ್ದರಿಂದ, ಉಪಕರಣವನ್ನ ಮುಂದಿಟ್ಟುಕೊಂಡು ಖುಷಿಪಡೋದು ತಪ್ಪು ಅಂತ ನಾನು ಹೇಳಲ್ಲ. ನಮ್ಮಲ್ಲಿ ಅದಕ್ಕೆ ಹಬ್ಬವೇ ಇದೆ. ಚೆನ್ನಾಗಿ ಮಾಡಿದ ವಸ್ತುವನ್ನ ನೋಡಿ ಕಣ್ಣರಳದಿದ್ದರೆ ನಾವು ಇಂಜಿನಿಯರಿಂಗ್ ಓದಿ ಏನು ಪ್ರಯೋಜನ? ತೊಂದರೆ ಶುರುವಾಗೋದು ಆ ಮೆರವಣಿಗೆಯನ್ನ ನೋಡಿದವರು ಅದನ್ನೇ ಅಳತೆಗೋಲು ಮಾಡಿಕೊಂಡಾಗ.

ಹೋದ ವರ್ಷ ಮಾಮನಿಗೆ ಒಂದು ಮದುವೆ ಆರ್ಡರ್ ತಪ್ಪಿತು. ಬಂದವರು ಕೇಳಿದ ಮೊದಲ ಪ್ರಶ್ನೆ, "ಫುಲ್ ಫ್ರೇಮ್ ಇದೆಯಾ?" ಡಿ90 ಫುಲ್ ಫ್ರೇಮ್ ಅಲ್ಲ. ರೇಂಜ್‌ಫೈಂಡರ್ ಭಕ್ತರು ಇವತ್ತಿಗೂ ಪೂಜಿಸೋ ಆ ಎಪ್ಸನ್ ಕೂಡ ಅಲ್ಲ, ಎರಡರದ್ದೂ ಒಂದೇ ಅಳತೆಯ ಸೆನ್ಸರ್. ಅವರು ಎದ್ದು ಹೋದರು. "ಆಲ್ಬಮ್ ತೆಗೆದು ತೋರಿಸೋಕೂ ಬಿಡಲಿಲ್ಲ ಕಣೋ" ಅಂದ್ರು ಮಾಮ. ಸಿಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷದ ಮದುವೆಗಳು ಆ ಕಪಾಟಿನಲ್ಲಿದ್ದವು, ಒಂದನ್ನೂ ತೆರೆಯಲಿಲ್ಲ. ಈಗ ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮ್ ಮಿರರ್‌ಲೆಸ್ ತಗೊಂಡು ಇಎಂಐ ಕಟ್ತಿದ್ದಾರೆ. ಮದುವೆಮನೆಯಲ್ಲಿ ಅದನ್ನ ಕುತ್ತಿಗೆಗೆ ಹಾಕ್ಕೊಂಡು ಓಡಾಡ್ತಾರೆ, ಅರ್ಧ ಫೋಟೋ ಡಿ90ಯಲ್ಲೇ ತೆಗೀತಾರೆ. ಯಾವುದು ಯಾವುದರದ್ದು ಅಂತ ಆಲ್ಬಮ್ ನೋಡಿ ಯಾರೂ ಈವರೆಗೆ ಕೇಳಿಲ್ಲ.

ನಮ್ಮ ಕ್ಯಾಂಪಸ್ಸಿನಲ್ಲೂ ಇದು ಇದೆ. ಫೋಟೋಗ್ರಫಿ ಕ್ಲಬ್ಬಿನ ಅರ್ಜಿಯಲ್ಲಿ ಹೆಸರು, ಬ್ರಾಂಚ್ ಆದ ಮೇಲೆ ಮೂರನೇ ಪ್ರಶ್ನೆ, "ನಿಮ್ಮ ಬಳಿ ಯಾವ ಗೇರ್ ಇದೆ?" ಕೇಳಿದವರ ಉದ್ದೇಶ ಒಳ್ಳೇದೇ, ಫೆಸ್ಟಿಗೆ ಯಾರಿಂದ ಏನು ಎರವಲು ಸಿಗುತ್ತೆ ಅಂತ ತಿಳಿಯೋಕೆ. ಆದರೆ ನಮ್ಮ ಹಾಸ್ಟೆಲಿನ ಒಬ್ಬ ಜೂನಿಯರ್ ಆ ಪ್ರಶ್ನೆ ನೋಡಿ ಅರ್ಜಿಯನ್ನ ಅಲ್ಲಿಗೇ ನಿಲ್ಲಿಸಿದ. ಅವನ ಹತ್ತಿರ ಇರೋದು ಒಂದು ಮೊಬೈಲು, ಅದರ ಸ್ಕ್ರೀನೂ ಬಿರುಕು. ಅವನು ತೆಗೆದ ಫೋಟೋಗಳು ಹೇಗಿವೆ ಅಂತ ನನಗೂ ಗೊತ್ತಿಲ್ಲ. ಗೊತ್ತಾಗೋ ದಾರಿಯನ್ನ ಆ ಮೂರನೇ ಪ್ರಶ್ನೆ ಮುಚ್ಚಿತು.

2022ರಲ್ಲಿ ಬಂದಾಗ ಲೈಕಾ ಎಂ11ರ ಬೆಲೆ, ಲೆನ್ಸ್ ಬಿಟ್ಟು, ಅಮೆರಿಕದಲ್ಲಿ 8,995 ಡಾಲರ್ ಇತ್ತು. ಆ ದುಡ್ಡಲ್ಲಿ ನನ್ನ ಸಿಇಟಿ ಸೀಟಿನ ನಾಲ್ಕು ವರ್ಷದ ಫೀಸು ಕಟ್ಟಿ ಇನ್ನೂ ಮಿಗುತ್ತೆ. ಅದು ನಮ್ಮ ಕೈಗೆ ಬರುತ್ತೋ ಇಲ್ಲವೋ, ಅದರ ಯಂತ್ರವನ್ನ ಮೆಚ್ಚೋಕೆ ಯಾರಪ್ಪನ ಅಪ್ಪಣೆಯೂ ಬೇಕಿಲ್ಲ. ಎಂ9 ತಂದ ಆ ಸೀನಿಯರ್ ಹೇಳಿದ ಒಂದು ಮಾತು ನೆನಪಿದೆ: "ಇದನ್ನ ತಗೊಂಡ ಮೇಲೆ ಫೋಟೋ ಕಮ್ಮಿ ತೆಗೀತೀನಿ, ಜಾಸ್ತಿ ಒರೆಸ್ತೀನಿ." ನಗ್ತಾನೇ ಹೇಳಿದ್ರು, ಆದರೆ ಹೇಳಿದ್ರು.

ಕ್ಲಬ್ಬಿನ ಸಂಚಾಲಕಿಗೆ ನಾನು ಎರಡು ಸಲಹೆ ಕೊಟ್ಟಿದ್ದೇನೆ. ಒಂದು, ಆ ಮೂರನೇ ಪ್ರಶ್ನೆ ತೆಗೆದು "ನೀವು ತೆಗೆದ ಒಂದು ಫೋಟೋ ಇಲ್ಲಿ ಹಾಕಿ" ಅಂತ ಮಾಡೋದು. ಎರಡು, ಈ ಸಲ ಕ್ಲಬ್ ರೂಮಲ್ಲೇ ಆಯುಧಪೂಜೆ ಮಾಡೋದು. ಲೈಕಾ ಇದ್ದವರು ಲೈಕಾ ತರಲಿ, ಮೊಬೈಲ್ ಇದ್ದವರು ಮೊಬೈಲ್ ಇಡಲಿ, ಎಲ್ಲದಕ್ಕೂ ಒಂದೇ ಕುಂಕುಮ. ಎರಡನೆಯದಕ್ಕೆ ಅವಳು ತಕ್ಷಣ ಹೂಂ ಅಂದಳು, ಕಡ್ಲೆಪುರಿ ಸಿಗುತ್ತಲ್ಲ ಅಂತ. ಮೊದಲನೆಯದನ್ನ ಮೀಟಿಂಗಲ್ಲಿ ವೋಟಿಗೆ ಹಾಕ್ತಾಳಂತೆ. ಶುಕ್ರವಾರ ಸಂಜೆ, ಕ್ಲಾಸ್ ಮುಗಿದ ಮೇಲೆ. ಬನ್ನಿ.